ಬಿಸಿಲಿಗಿಟ್ಟ ಸೆಲ್ಲು, ನಿಧಾನದ ಅಳಿಲು

ಸ್ವಲ್ಪ ತಡೆಯಿರಿ, ನಮ್ಮ ಅಳಿಲಿನ ಕಥೆ ಕೇಳಿಕೊಂಡೇ ಮುಂದೆ ಹೋಗಿ!

ಆಗೆಲ್ಲ ನಮ್ಮ ಜಾವಳಿ ಕಡೆಯ ಶಾಲೆಗಳಲ್ಲಿ ಸಂಗೀತಕ್ಕೆಂದು ಬೇರೆ ಮೇಷ್ಟ್ರು ಇರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಕ್ಕಳ ಹಾಡಿನ ಕ್ಯಾಸೆಟ್ಟೊಂದು ಶಾಲೆಗಳಿಗೆಲ್ಲ ಪುಕ್ಕಟೆಯಾಗಿ ಬಂತು. ನಮ್ಮ ಶಾರದಾ ಟೀಚರ್‌ಗೆ ಅಂದು ಹಬ್ಬ! ಟೇಪ್ ರೆಕಾರ್ಡರ್ ಇತ್ತು, ಕರೆಂಟೇ ಇರುತ್ತಿರಲಿಲ್ಲ. ಇದ್ದ ಹಳೇ ಸೆಲ್ಲು ಮುಗಿದರೆ ಪಕ್ಕದ ಎಸ್ಟೇಟಿನ ಕಣಕ್ಕೆ ಓಡುತ್ತಿದ್ದೆವು. ಒಣಗಲು ಹರವಿದ ಕಾಫಿ ಹಣ್ಣಿನ ಹುಳಿ ವಾಸನೆಯ ನಡುವೆ ಸೆಲ್ಲುಗಳನ್ನೂ ಬಿಸಿಲಿಗಿಟ್ಟು, ಉಪ್ಪು ಖಾರ ಹಚ್ಚಿದ ಚಕ್ಕೋತ ತಿನ್ನುತ್ತಾ ಕಾಯುವುದು. ಬಿಸಿ ಏರಿದ ಸೆಲ್ಲು ಮತ್ತೆ ಸ್ವಲ್ಪ ಜೀವ ಹಿಡಿಯುತ್ತಿತ್ತು.

ಹಾಗೆ ಕಲಿತದ್ದು ಅಳಿಲಿನ ಹಾಡು. ದಪ್ಪ ದನಿಯ ಗಂಡಸೊಬ್ಬ ಎಳೆದೆಳೆದು ಹಾಡುತ್ತಿದ್ದ.

"ಟೀಚರ್, ಅಳಿಲು ಇಷ್ಟು ನಿಧಾನ ಓಡ್ತದಾ?" ಎಂದು ಕೇಳಿದ ನನ್ನ ಗೆಳೆಯ ರಘು.

"ಹೊಟ್ಟೆ ತುಂಬಿರ್ಬೇಕು ಕಣೋ. ನೀ ಹಾಡು!"

ಕಳಸದಲ್ಲಿ ಶಾಲೆಗಳ ಹಾಡಿನ ಸ್ಪರ್ಧೆ ಇತ್ತು. ಗೆದ್ದ ಶಾಲೆಗೆ ಹಾರ್ಮೋನಿಯಂ! ನಮ್ಮ ಟೀಚರ್‌ಗೆ ಹಾರ್ಮೋನಿಯಂ ನುಡಿಸಲು ಬರುತ್ತಿತ್ತು, ಆದರೆ ಶಾಲೆಯಲ್ಲಿ ಇರಲಿಲ್ಲ; ಬೆಂಚಿನ ಮೇಲೆ ಬೆರಳಾಡಿಸಿ ಸ್ವರ ಹೇಳಿಕೊಡುತ್ತಿದ್ದರು. ಅವರಿಗೆ ಅದನ್ನು ಗೆದ್ದು ಕೊಡಲೇಬೇಕೆಂದು ಜೀಪಿನಲ್ಲಿ ದಾರಿಯುದ್ದಕ್ಕೂ ಹಾಡಿಕೊಂಡೇ ಹೋದೆವು.

ನಮಗಿಂತ ಮೊದಲು ಇನ್ನೊಂದು ಶಾಲೆಯವರು ಅದೇ ಹಾಡು ಎತ್ತಿಕೊಂಡರು. ಕೀಚಲು ದನಿ, ಒಂದೇ ಓಟ!

"ಎಂತ ಮಾರಾಯ, ಇವ್ರಿಗೆ ಬಸ್ ತಪ್ಪಿ ಹೋಗ್ತದಾ?" ಎಂದು ರಘು ನಕ್ಕ.

ಟೀಚರ್ ಹಣೆಗೆ ಕೈ ಹಚ್ಚಿಕೊಂಡರು. "ಅಯ್ಯೋ, ಸೆಲ್ಲು ಸೋತದ್ದು ಕಣ್ರೋ! ಟೇಪು ನಿಧಾನ ಆಗಿದ್ದು ನಮ್ದೇ!"

ಅಷ್ಟರಲ್ಲಿ ನಮ್ಮನ್ನು ಕರೆದೇಬಿಟ್ಟರು. ಬೇಗ ಹಾಡಲು ನಾಲಿಗೆ ಹೊರಳಲಿಲ್ಲ. ನಮ್ಮ ಅಳಿಲು ಗಂಭೀರವಾಗಿ ಮರ ಹತ್ತಿತು, ಯೋಚಿಸಿ ಯೋಚಿಸಿ ಇಳಿಯಿತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಸಭೆಯವರೂ ನಮ್ಮ ಜೊತೆ ಎಳೆದು ಹಾಡತೊಡಗಿದರು. ಟೀಚರ್ ಹೇಳಿದ ಸೆಲ್ಲಿನ ಸಂಗತಿ ಕೇಳಿ ತೀರ್ಪುಗಾರರಂತೂ ಕಣ್ಣೊರೆಸಿಕೊಂಡು ನಕ್ಕರು.

ಹಾರ್ಮೋನಿಯಂ ಆ ಕೀಚಲು ದನಿಯ ಶಾಲೆಗೆ ಹೋಯಿತು. ನಮಗೆ ಸಮಾಧಾನಕರ ಬಹುಮಾನ: ಹೊಸ ಸೆಲ್ಲು! ಟೀಚರ್‌ಗೆ ಬೇಜಾರಾಗಿದೆಯೆಂದು ಜೀಪಿನಲ್ಲಿ ನಾವು ಹಾಡು ಎತ್ತಲಿಲ್ಲ. ಅವರೇ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಾಡಿಸುತ್ತಾ ನಮ್ಮ ನಿಧಾನದ ಅಳಿಲನ್ನು ಶುರು ಮಾಡಿದರು.

ಮರುದಿನ ಹೊಸ ಸೆಲ್ಲು ಹಾಕಿದರೆ, ಹಾಡುತ್ತಿದ್ದದ್ದು ಒಬ್ಬ ಹುಡುಗಿ!

"ಇದು ನಮ್ ಹಾಡಲ್ಲ ಟೀಚರ್, ಹಳೇ ಸೆಲ್ಲೇ ಹಾಕಿ!" ಎಂದು ಎಲ್ಲರೂ ಕೂಗಿದೆವು.

ಈಗ ಪುಕ್ಕಟೆ ಸಂಗೀತ ಪಾಠಗಳು ಫೋನಿನಲ್ಲೇ ರಾಶಿ ಬಿದ್ದಿವೆ. ನಾನು ಕೀಬೋರ್ಡ್ ಕಲಿತದ್ದೂ ಅವುಗಳಿಂದಲೇ. ಮೊನ್ನೆ ಹುಡುಕುವಾಗ ಆ ಅಳಿಲಿನ ಹಾಡೂ ಸಿಕ್ಕಿತು. ಖುಷಿಯಿಂದ ವೇಗ ತಗ್ಗಿಸಿ ಕೇಳಿದೆ. ಹಾಡೇನೋ ನಿಧಾನವಾಯಿತು, ದನಿ ಮಾತ್ರ ಹುಡುಗಿಯದೇ. ಈ ಫೋನು ಎಷ್ಟು ಜಾಣ ನೋಡಿ, ನಮ್ಮ ಆ ದಪ್ಪ ದನಿಯ ಗಂಡಸನ್ನು ಬರಲು ಬಿಡುವುದೇ ಇಲ್ಲ.

ನಿಮ್ಮ ಶಾಲೆಯ ಟೇಪ್ ರೆಕಾರ್ಡರ್ ಹೇಗೆ ಹಾಡುತ್ತಿತ್ತು? ಬರೆದು ತಿಳಿಸಿ. ಬಿಸಿಲಿಗೆ ಸೆಲ್ಲು ಇಟ್ಟವರು ಮೊದಲು ಬರೆಯಿರಿ!