ಸೇರು ರಾಜ, ಪಾವು ರಾಣಿ

ದಸರಾ ರಜೆ ಬಂತೆಂದರೆ ನಂಜನಗೂಡಿನ ನಮ್ಮ ಬೀದಿಯ ಮಕ್ಕಳಿಗೆ ಸಂಜೆ ಒಂದೇ ಕೆಲಸ. ಕೈಯಲ್ಲೊಂದು ಡಬ್ಬಿ ಹಿಡಿದು, ಮನೆಮನೆಯ ಬಾಗಿಲಲ್ಲಿ ನಿಂತು, "ರೀ, ಗೊಂಬೆ ಕೂರ್ಸಿದೀರಾ?" ಎಂದು ಕೂಗುವುದು. ಕೂರಿಸಿದ್ದರೆ ಒಳಗೆ ನುಗ್ಗಿ, ಗೊಂಬೆಗಳ ಕಡೆ ಅರೆಗಣ್ಣು ಹಾಯಿಸಿ, ಚರ್ಪಿಗೆ ಕೈ ಒಡ್ಡುವುದು. ಚರ್ಪು ಎಂದರೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿ. ಒಂದು ಮನೆಯಲ್ಲಿ ಕಡಲೆಕಾಳಿನ ಉಸಲಿ, ಇನ್ನೊಂದರಲ್ಲಿ ಕೊಬ್ಬರಿ ಸಕ್ಕರೆ. ಯಾರದು ಧಾರಾಳದ ಕೈ, ಯಾರು ಚಿಟಿಕೆಯಲ್ಲಿ ಕೊಟ್ಟು ಸಾಗಹಾಕುವವರು ಎಂಬುದು ನನಗಿಂತ ನನ್ನ ಆರು ವರ್ಷದ ಮಗಳಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮದು ಬೇಸಾಯದ ಮನೆತನ. ನಮ್ಮ ಯಜಮಾನರು ಮೇಷ್ಟ್ರಾಗಿ ಪೇಟೆಯಲ್ಲಿ ಮನೆ ಮಾಡಿದ್ದರೂ ಜಮೀನು ಹದಿನಾರು ಎಂಬ ಊರಿನ ಕಡೆ ಇತ್ತು, ನಮ್ಮ ಜೊತೆಗಿದ್ದ ಅತ್ತೆಯ ಮನಸ್ಸೂ ಅಲ್ಲೇ ಇತ್ತು. ಗೊಂಬೆ ಕೂರಿಸುವ ಪದ್ಧತಿ ಅವರಲ್ಲಿ ಇರಲಿಲ್ಲ. ಟಿ. ನರಸೀಪುರದ ನನ್ನ ತವರಿನಲ್ಲೂ ಇರಲಿಲ್ಲ. ಪದ್ಧತಿ ಇರುವವರು ಮಗಳ ಮದುವೆಯಲ್ಲಿ ಪಟ್ಟದ ಗೊಂಬೆ ಎಂದು ಮರದ ರಾಜ ರಾಣಿಯರನ್ನು ಕೊಟ್ಟು ಕಳಿಸುತ್ತಾರೆ. ನನ್ನವ್ವ ಕಳಿಸಿದ್ದು ಒಂದು ಹಿತ್ತಾಳೆ ಕೊಳಗ, ಬೇಕಾದಷ್ಟು ಬುದ್ಧಿಮಾತು.

ಮದುವೆಯಾದ ಮೊದಲ ವರ್ಷವೇ ನಾನು ಆಸೆಪಟ್ಟು ಕೇಳಿದ್ದೆ. "ಒಂದ್ಸಲ ಕೂರ್ಸುದ್ ಮ್ಯಾಲೆ ಬುಡಂಗಿಲ್ಲ ಕಣವ್ವ. ಇಲ್ಲದ್ ಪದ್ಧತಿಯ ತಲೆ ಮ್ಯಾಲೆ ಎಳ್ಕಬ್ಯಾಡ" ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು. ನಾನೂ ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು. ಆದರೆ ಅತ್ತೆಯ ಮುಂದೆ ಆ ಸಿಟ್ಟು ಬಾಲ ಮುದುರಿಕೊಂಡು ಮೂಲೆ ಸೇರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ವರ್ಷ. ಹಬ್ಬದ ಆರನೆಯ ದಿನ ಸಂಜೆ ಮಗಳು ಡಬ್ಬಿ ತುಂಬಾ ಚರ್ಪು ತಂದೂ ಸಪ್ಪಗೆ ಕೂತಳು. ಮೂರು ವರ್ಷದ ತಮ್ಮ ಡಬ್ಬಿಗೆ ಕೈ ಹಾಕಿದರೂ ಜಗಳ ತೆಗೆಯಲಿಲ್ಲ. ಏನಾಯಿತೆಂದು ಕೇಳಿದರೆ ಅಳು. "ಎಲ್ಲಾರ ಮನೇಲೂ ತಿಂತೀಯ, ನಿಮ್ಮನೆಗೆ ಮಾತ್ರ ಯಾಕೆ ಕರಿಯಲ್ಲ?" ಎಂದು ಜೊತೆಯ ಹುಡುಗಿಯರು ಕೇಳಿದ್ದರಂತೆ. ಇವಳು "ನಮ್ಮನೇಲೂ ಕೂರ್ಸಿದೀವಿ, ನಾಳೆ ಬನ್ನಿ" ಎಂದುಬಿಟ್ಟಿದ್ದಳು.

ನನಗೆ ರೇಗಿತು. "ಸುಳ್ಳು ಹೇಳೋದು ಯಾರೇ ಕಲಿಸಿದ್ದು ನಿಂಗೆ? ನಾಳೆ ಬಂದರೆ ನಿನ್ನ ತಲೆ ತೋರಿಸ್ತೀಯಾ?" ಎಂದು ಕೈ ಎತ್ತಿದೆ. ಹೊಡೆಯಲು ಆಗಲಿಲ್ಲ. ಆ ವಯಸ್ಸಿನಲ್ಲಿ ನರಸೀಪುರದ ಬೀದಿಗಳಲ್ಲಿ ನಾನೂ ಡಬ್ಬಿ ಹಿಡಿದು ತಿರುಗಿದವಳು. ಅದೇ ಪ್ರಶ್ನೆಯನ್ನು ನನಗೂ ಕೇಳಿದ್ದರು. ಮರುದಿನದಿಂದ ನಾನು ಗೊಂಬೆ ನೋಡಲು ಹೋಗುವುದನ್ನೇ ಬಿಟ್ಟಿದ್ದೆ. ನಾಳೆ ಅವಮಾನವಾದರೆ ಇವಳೂ ಬಿಡುತ್ತಾಳೆ ಎನ್ನಿಸಿತು.

ಅತ್ತೆ ಅಲ್ಲೇ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ತಲೆ ಎತ್ತದೆ ಕೇಳಿದರು: "ಆಯುದ ಪೂಜೆಗೆ ಸೇರು, ಪಾವ ಬೆಳಗಿ ಮಡಗ್ತೀವೋ ಇಲ್ವೋ?"

"ಮಡಗ್ತೀವಿ ಅತ್ತೆ."

"ಎಲ್ಡು ದಿನ ಮುಂಚೇನೆ ಮಡುಗುದ್ರೆ ಯಾವ್ ಪದ್ಧತಿ ಕೆಟ್ಟೋದದು? ಮಡುಗುದ್ದುಕ್ಕೆ ಬಟ್ಟೆ ಉಡ್ಸುದ್ರೆ ಯಾರೇನಂದರು?"

ಸೇರು ಎಂದರೆ ನಾವು ಅಕ್ಕಿ ರಾಗಿ ಅಳೆಯುತ್ತಿದ್ದ ಹಿತ್ತಾಳೆಯ ಅಳತೆ. ಅದರ ಕಾಲು ಭಾಗ ಪಾವು. ನನಗೆ ಅರ್ಥವಾಗುವಷ್ಟರಲ್ಲಿ ಮಗಳು ಅಜ್ಜಿಯ ಕೊರಳಿಗೆ ಜೋತುಬಿದ್ದಿದ್ದಳು.

ಮರುದಿನ ಬೆಳಿಗ್ಗೆ ಯಜಮಾನರು ಸೈಕಲ್ಲಿನ ಮುಂದೆ ಮಗನನ್ನು, ಹಿಂದೆ ಮಗಳನ್ನು ಕೂರಿಸಿಕೊಂಡು ಕಪಿಲೆಯ ದಂಡೆಗೆ ಹೊರಟರು. ಮಳೆ ನಿಂತು ಹೊಳೆ ತಿಳಿಯಾಗಿದ್ದ ಕಾಲ. ಬರುವಾಗ ಒಂದು ಚೀಲ ಮರಳು, ಮಣ್ಣು ಸಮೇತ ಕಿತ್ತ ಗರಿಕೆ, ಯಾರದೋ ಬೇಲಿಯ ಚೆಂಡುಹೂವು. ನನ್ನ ಮೇಷ್ಟ್ರು ಗಂಡ ಬೇಲಿಗೆ ಕೈ ಹಾಕಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಮೂರು ಮಣೆ ಒಂದರ ಮೇಲೊಂದು ಇಟ್ಟರೆ ಮೆಟ್ಟಿಲಾಯಿತು. ಮರಳು ಹರಡಿ ಗರಿಕೆ ನೆಟ್ಟರೆ ಪಾರ್ಕಾಯಿತು.

ಅತ್ತೆ ಸೇರಿಗೆ ಸುಣ್ಣದಲ್ಲಿ ಕಣ್ಣು, ಕಾಡಿಗೆಯಲ್ಲಿ ಮೀಸೆ ಬರೆದರು. ಅದರ ಬಾಯಿಗೆ ಬಟ್ಟಲು ಬೋರಲು ಹಾಕಿ ಜರಿ ಬಟ್ಟೆಯ ಪೇಟ ಸುತ್ತಿದರು. ಪಾವಿಗೆ ಸೀರೆ, ಮೂಗಿಗೆ ಅಕ್ಕಿಕಾಳಿನ ಬೊಟ್ಟು. ರಾಣಿ ರಾಜನ ಸೊಂಟಕ್ಕೆ ಬರುತ್ತಿದ್ದಳು. ಯಜಮಾನರು ನಕ್ಕರೆ ಅತ್ತೆ, "ನಗಬ್ಯಾಡ ಕಣ್ಲಾ. ನಮ್ಮಟ್ಟೀಲಿ ಗಂಡು ಎಷ್ಟ್ ಎತ್ರ ಇದ್ರೂ ಮಾತು ಎಣ್ಣಿಂದೇಯ" ಎಂದರು. ಪಾವಿಗಿಂತ ಚಿಕ್ಕದಾದ ಚಟಾಕನ್ನು ಮಗ ತಾನೇ ತಂದು ನಡುವೆ ಇಟ್ಟು, "ಇದು ನಾನು" ಎಂದ.

ಸಂಜೆ ಏಳೆಂಟು ಹುಡುಗಿಯರು ಬಂದರು. ಸ್ವಲ್ಪ ದೊಡ್ಡವಳೊಬ್ಬಳು ಬಗ್ಗಿ ನೋಡಿ, "ಅಯ್ಯೋ, ಇದು ಸೇರು ಕಣ್ರೇ!" ಎಂದಳು. ಎಲ್ಲರೂ ಕಿಸಕ್ಕೆಂದರು. ಮಗಳು ಲಂಗದ ಅಂಚು ಹಿಂಡುತ್ತಾ ನೆಲ ನೋಡಿದಳು.

"ಊ ಕಣವ್ವ, ಸೇರೇಯ" ಎಂದರು ಅತ್ತೆ, ಎಲೆ ಅಡಿಕೆ ಹಾಕಿಕೊಳ್ಳುತ್ತಾ. "ನಿಮ್ಮಟ್ಟಿ ರಾಜ ಸುಮ್ಕೆ ನಿಂತಿರ್ತನೆ. ನಮ್ ರಾಜ ಕೊಡೋ ರಾಜ. ಪೇಟ ಎತ್ತು ಮಗ."

ಮಗಳು ಪೇಟದ ಸಮೇತ ಬಟ್ಟಲು ಎತ್ತಿದಳು. ರಾಜನ ಹೊಟ್ಟೆ ತುಂಬಾ ಪುರಿ, ಹುರಿಗಡಲೆ, ಬೆಲ್ಲದ ಚೂರು. ರಾಣಿಯ ಹೊಟ್ಟೆಯಲ್ಲಿ ಕೊಬ್ಬರಿ ಸಕ್ಕರೆ. ಯಾವಾಗ ತುಂಬಿಸಿದ್ದರೋ, ನನಗೂ ಗೊತ್ತಿರಲಿಲ್ಲ. ನಕ್ಕ ಹುಡುಗಿಯೇ ಎಲ್ಲರಿಗಿಂತ ಮೊದಲು ಕೈ ಒಡ್ಡಿದಳು. ಮಗಳು ರಾಜನ ಹೊಟ್ಟೆಯಿಂದ ಹಿಡಿಹಿಡಿಯಾಗಿ ಹಂಚಿದಳು. ಮರುದಿನ ಇಡೀ ಬೀದಿಯೇ ಬಂತು.

ರಾಜ ದರ್ಬಾರಿನಲ್ಲಿದ್ದದ್ದರಿಂದ ಹಬ್ಬ ಮುಗಿಯುವ ತನಕ ಅಡುಗೆಗೆ ಸೇರು ಇರಲಿಲ್ಲ. ಅತ್ತೆ ಬೊಗಸೆಯಲ್ಲೇ ಅಕ್ಕಿ ಅಳೆದರು. ಒಂದು ದಿನ ಅನ್ನ ಮಿಕ್ಕಿತು, ಒಂದು ದಿನ ನನಗೂ ಅತ್ತೆಗೂ ತಂಗಳು ಮುದ್ದೆಯೇ ಗತಿಯಾಯಿತು. ಅಷ್ಟು ರುಚಿಯಾದ ತಂಗಳು ಮುದ್ದೆ ನಾನು ಮತ್ತೆ ತಿಂದಿಲ್ಲ. ಅತ್ತೆಗೆ ಬಾಯಿಬಿಟ್ಟು ಒಂದು ದಿನವೂ ಉಪಕಾರ ಹೇಳಲಿಲ್ಲ. ಅವರು ನನ್ನ ಮಗಳಿಗೆ ಮಾತ್ರವಲ್ಲ, ನರಸೀಪುರದ ಬೀದಿಯಿಂದ ಡಬ್ಬಿ ಬಚ್ಚಿಟ್ಟುಕೊಂಡು ಮನೆಗೆ ಬಂದ ಆ ಹುಡುಗಿಗೂ ಗೊಂಬೆ ಕೂರಿಸಿದ್ದರು.

ವಿಜಯದಶಮಿಯ ಸಂಜೆ ಬನ್ನಿ ಕೊಟ್ಟು ತೆಗೆದುಕೊಂಡ ಮೇಲೆ ಮಗಳು ರಾಜ ರಾಣಿಯರನ್ನು ಮಲಗಿಸಿ ಟವೆಲು ಹೊದಿಸಿದಳು. ಅತ್ತೆ ಪೇಟದ ಜರಿಯನ್ನು ಬಿಚ್ಚಿ ಮಡಿಸುತ್ತಿದ್ದರು. ಆಗ ನೋಡಿದೆ, ಅದು ಅವರ ಧಾರೆ ಸೀರೆಯ ಸೆರಗಿನಿಂದ ಕತ್ತರಿಸಿದ ಜರಿ. ಏನೋ ಹೇಳಹೋಗಿ, "ಇದೊಂದು ವರ್ಷಕ್ಕೆ ಮಾತ್ರ ಅಂತ ಮಗೂಗೆ ಈಗಲೇ ಹೇಳಿಬಿಡ್ಲಾ ಅತ್ತೆ?" ಎಂದೆ.

ಅತ್ತೆ ಜರಿಯನ್ನು ತಮ್ಮ ಟ್ರಂಕಿನೊಳಗೆ ಇಟ್ಟು, ನನ್ನನ್ನು ದುರುಗುಟ್ಟಿ ನೋಡಿದರು.

"ಏನಂತ ಮಾತಾಡೀಯೆ? ಒಂದ್ಸಲ ಕೂರ್ಸುದ್ ಮ್ಯಾಲೆ ಬುಡಂಗಿಲ್ಲ ಕಣವ್ವ."