ನಾಯಿಕೆಮ್ಮಿನ ಸೂಜಿಗಾಗಿ ಚಿಂತಾಮಣಿಗೆ

ಗೌರಿಬಿದನೂರಿನಿಂದ ಬೆಳಗಿನ ಬಸ್ಸು ಹತ್ತಿದಾಗ ನನಗೆ ಏಳನೇ ತಿಂಗಳು. ಗಂಡನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ನಾಯಿಕೆಮ್ಮಿನ ಚುಚ್ಚುಮದ್ದು ಹಾಕಿಸಿಕೊಳ್ಳಲು ಡಾಕ್ಟರು ಹೇಳಿದ್ದರು. ಹುಟ್ಟಿದ ಮಗುವಿಗೆ ಲಸಿಕೆ ಶುರುವಾಗುವವರೆಗೆ ತಾಯಿಯ ರಕ್ತದಿಂದ ಹೋದ ಶಕ್ತಿಯೇ ಕಾವಲು ಎಂದಿದ್ದರು. ನಮ್ಮೂರಿನಲ್ಲಿ ಅದು ಮುಗಿದಿತ್ತು. ಚಿಂತಾಮಣಿಯ ಒಂದು ಕ್ಲಿನಿಕ್ಕಿನಲ್ಲಿ ಇದೆಯೆಂದು ಗೊತ್ತಾಯಿತು. ಶಿಡ್ಲಘಟ್ಟದ ಬಳಿ, ದಾರಿಯಲ್ಲೇ, ಅಕ್ಕನ ಊರು. ಅವಳನ್ನು ಜೊತೆಗೆ ಕರೆದೊಯ್ಯುವುದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ, ಅವಳನ್ನು ಕೇಳದೆ.

ಹೆಂಗಸರಿಗೆ ಸೊನ್ನೆ ದರದ ಟಿಕೆಟ್ಟು. ಸ್ಕಂದಗಿರಿಯ ತಲೆ ಮೋಡದಲ್ಲಿತ್ತು. ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಪಕ್ಕದಲ್ಲಿ ಕೂತ ಮುದುಕಿ ನನ್ನ ಹೊಟ್ಟೆ ನೋಡಿ, "ಒಬ್ಳೇ ಬಂದ್ಯಾ ತಲ್ಲೀ? ಮನೇಲಿ ಯಾರೂ ಇಲ್ವಾ?" ಅಂದಳು.

"ಇದ್ದಾರೆ, ಕೆಲ್ಸಕ್ಕೆ ಹೋಗಿದ್ದಾರೆ."

"ಎಲ್ರಿಗೂ ಕೆಲ್ಸಾನೇ ಕಣಮ್ಮ, ಬಸ್ರಿಗೆ ಮಾತ್ರ ರಜ" ಎಂದು ನಕ್ಕಳು.

ಅಕ್ಕನ ಹೊಸ್ತಿಲಿನುದ್ದಕ್ಕೂ ಸುಣ್ಣದ ಪುಡಿ ಚೆಲ್ಲಿತ್ತು. ಮನೆಯಲ್ಲೇ ಸಾಕುವ ರೇಷ್ಮೆಹುಳುಗಳು ಕೊನೆಯ ಹಂತದಲ್ಲಿದ್ದವು. ಆಗ ಸೋಂಕಿನ ಭಯಕ್ಕೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ. "ಅಲ್ಲೇ ಇರೇ! ಒಳಕ್ಕೆ ಕಾಲಿಟ್ಟೀಯ!" ಎಂದು ಅಕ್ಕ ಒಳಗಿನಿಂದ ಕೂಗಿದಳು. ಜಗಲಿಯ ಮೇಲೆ ಕುಳಿತೆ. ಹೊಸ್ತಿಲಿನಾಚೆಯಿಂದ ಕಾಫಿ ಬಂತು.

"ನಿನ್ ಹುಳಕ್ಕಿರೋ ಮರ್ಯಾದೆ ನಂಗಿಲ್ವಲ್ಲೇ" ಅಂದೆ.

"ಅವುನ್ನ ಜೋರಾಗಿ ನೋಡಿದ್ರೂ ಸಾಯ್ತವೆ. ನೀನು ಗುಂಡ್ಕಲ್ಲು ಇದ್ದಂಗಿದ್ದೀಯ."

ಹುಳುಗಳಿಗೆ ಸೊಪ್ಪು ಹಾಕುವ ಕೆಲಸ ಬಿಟ್ಟು ಅವಳು ಬರುವಂತಿರಲಿಲ್ಲ. ಧನುರ್ವಾಯುವಿನ ಸೂಜಿ ಆಗಿದೆಯಲ್ಲ, ಇನ್ನೊಂದು ಯಾಕೆ ಎಂದು ಕೇಳಿದಳು. ಹೇಳಬಾರದೆಂದುಕೊಂಡದ್ದನ್ನು ಹೇಳಿಬಿಟ್ಟೆ: "ನಿನ್ ಪಾಪುಗೆ ಆಯ್ತಲ್ಲ, ಅದಕ್ಕೆ."

ಅಕ್ಕನ ಮೊದಲ ಕೂಸು ಎರಡು ತಿಂಗಳು ತುಂಬುವ ಮೊದಲೇ ನಾಯಿಕೆಮ್ಮಿನಲ್ಲಿ ಹೋಗಿತ್ತು. ಆಗ ನಾನು ಕಾಲೇಜಿನ ರಜೆಗೆ ಅವಳಿದ್ದ ಮನೆಗೇ ಬಂದಿದ್ದೆ. ಗೋಡೆಯಾಚೆಯ ಆ ಕೆಮ್ಮು, ಕೊನೆಯಲ್ಲಿ ಉಸಿರೆಳೆದುಕೊಳ್ಳುವ ಕೂಗು ಈಗಲೂ ಕೇಳಿಸುತ್ತದೆ ಎಂದೆ.

ಅಕ್ಕ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. "ಪಾಪು ಕೆಮ್ಲೇ ಇಲ್ಲ ಕಣೇ. ಸುಮ್ನೆ ಉಸ್ರು ನಿಲ್ಲೋದು, ನೀಲಿ ಆಗೋದು. ನಂಗೂ ಅದೇ ಬಂದಿತ್ತು, ನೀನು ಕೇಳಿಸ್ಕಂಡಿದ್ದು ನಂದು. ಕೆಮ್ತಿದ್ದೋಳು ನಾನು."

ಇಷ್ಟು ವರ್ಷ ಆ ದನಿಯನ್ನು ಕೂಸಿನದೆಂದೇ ಇಟ್ಟುಕೊಂಡಿದ್ದೆ. ನನ್ನ ನೆನಪನ್ನು ನಾನು ಎಂದೂ ಪೂರ್ತಿ ನಂಬಿದವಳಲ್ಲ. ಆದರೆ ಇದನ್ನು ನಂಬಿದ್ದೆ. ಅವಳ ಬಳಿ ಹೋಗಲು ಎದ್ದೆ. ಸುಣ್ಣದ ಗೆರೆ ಕಂಡು ನಿಂತೆ.

"ಹೋಗು, ಬಸ್ಸು ತಪ್ಪೋಗತ್ತೆ" ಅಂದಳು. "ಹಾಕಿಸ್ಕಂಡೇ ಬಾ."

ಚಿಂತಾಮಣಿಯಲ್ಲಿ ಬಿಸಿಲು ಸುಡುತ್ತಿತ್ತು. ಕ್ಲಿನಿಕ್ಕಿನ ಬೆಂಚಿನಲ್ಲಿ ಪ್ರತಿಯೊಬ್ಬರ ಪಕ್ಕದಲ್ಲೂ ಯಾರೋ ಇದ್ದರು. "ಜೊತೇಲಿ ಯಾರಮ್ಮ?" ಎಂದು ನರ್ಸ್ ಕೇಳಿದಳು. ಬಾಯಿಗೆ ಬಂದದ್ದು 'ಅಕ್ಕ'. "ಯಾರೂ ಇಲ್ಲ" ಎಂದು ಎಡತೋಳು ಕೊಟ್ಟೆ.

ವಾಪಸು ಬರುವಾಗ ಅಕ್ಕನ ಊರಿನ ಕ್ರಾಸ್ ಹತ್ತಿರ ಬಸ್ಸಿನಿಂದಲೇ ಅವಳಿಗೆ ಫೋನು ಮಾಡಿದೆ. "ಆಯ್ತು" ಅಂದೆ.

"ನೋವಾಯ್ತಾ?"

"ಸ್ವಲ್ಪ."

"ಸರಿ ಇಡು, ಸೊಪ್ಪು ಹಾಕ್ಬೇಕು" ಅಂದಳು. ಆದರೆ ಇಡಲಿಲ್ಲ. ನಾನೂ ಇಡಲಿಲ್ಲ. ಕಿಟಕಿಯಿಂದ ತಿರುಗಿ ನೋಡಿದೆ. ಹಿಪ್ಪುನೇರಳೆ ತೋಟದಾಚೆ ಅವಳ ಮನೆಯ ಶೀಟಿನ ಸೂರು ಕಂಡಿತು, ಆಮೇಲೆ ಕಾಣಲಿಲ್ಲ. ಕಿವಿಯಲ್ಲಿ ಅವಳ ಉಸಿರು ಇನ್ನೂ ಇತ್ತು.