ಹಾಡಿನಲ್ಲಿ ಬಿಟ್ಟ ಜಾಗ

"ಗಿರಿಜಾ ಟೀಚರ್ ದನಿ ಹೋತು, ಕಂಪ್ಯೂಟರ್ ಬಂತು. ಈಗ ಅದ ಹಾಡತೈತಿ, ಹುಡುಗರು ಕೇಳತಾವ, ಟೀಚರ್ ಆರಾಮ ಕುಂಡ್ರತಾರ."

ಬೆಟಗೇರಿಯ ಚಹಾದಂಗಡಿಯಲ್ಲಿ ನಿನ್ನೆಯೂ ಈ ಮಾತು ಕಿವಿಗೆ ಬಿತ್ತು. ಹೇಳಿದವರಿಗೆ ಹಗೆಯೇನೂ ಇರಲಿಲ್ಲ, ಮೆಚ್ಚಿಕೊಂಡೇ ಹೇಳಿದರು. ಆದರೆ ಮೆಚ್ಚುಗೆಯ ಮಾತೂ ಸುಳ್ಳಾಗಿರಬಹುದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಉಳಿದದ್ದನ್ನು ವಾಚನಾಲಯದ ಬೆಂಚಿನ ಮೇಲೆ ಕುಳಿತು ಓದಿ ಕಲಿತವನು ನಾನು. ನಾಲ್ಕು ಜನ ಹೇಳುತ್ತಾರೆಂಬ ಕಾರಣಕ್ಕೇ ಒಂದು ಸಂಗತಿಯನ್ನು ಒಪ್ಪುವ ಅಭ್ಯಾಸ ನನಗಿಲ್ಲ. ನನ್ನ ಹೆಂಡತಿ ಇದಕ್ಕೆ ಹಟ ಎನ್ನುತ್ತಾಳೆ. ಅದನ್ನೂ ನಾನು ಒಪ್ಪಿಲ್ಲ.

ಗಿರಿಜಾ ನನ್ನ ಅಕ್ಕನ ಮಗಳು. ನಮ್ಮ ಓಣಿಗೆ ಹತ್ತಿರದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳ ಗಂಟಲಿನಲ್ಲಿ ಗಂಟು ಕಾಣಿಸಿ ಶಸ್ತ್ರಚಿಕಿತ್ಸೆಯಾಯಿತು. ಮಾತು ಉಳಿಯಿತು, ಹಾಡಬಾರದೆಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಹೆಡ್‌ಮಾಸ್ತರರು ಸಜ್ಜನರು, ಆದರೆ ಲೆಕ್ಕದ ಮನುಷ್ಯ. "ದನಿ ಇಲ್ಲದ ಹಾಡಿನ ಪಾಠ ಹೆಂಗ ನಡೀತೈತ್ರಿ ಟೀಚರ್? ಆ ತಾಸು ಗಣಿತಕ್ಕ ಕೊಟ್ಟುಬಿಡೋಣು," ಎಂದರು. ಗಿರಿಜಾ ಒಂದು ತಿಂಗಳ ಅವಕಾಶ ಕೇಳಿಕೊಂಡು ಬಂದಳು.

ಬಂದವಳು ನಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಇಂಟರ್‌ನೆಟ್ಟಿನಲ್ಲಿಯೇ ಸಂಗೀತ ಕಟ್ಟುವ ಒಂದು ತಂತ್ರಾಂಶವಂತೆ. ಪರದೆಯ ಮೇಲೆ ಅಡ್ಡಪಟ್ಟಿಗಳು; ಒಂದು ಪಟ್ಟಿಗೆ ಹಾರ್ಮೋನಿಯಂ, ಒಂದಕ್ಕೆ ಕೊಳಲು, ಒಂದಕ್ಕೆ ತಬಲಾ. ಇದು ನಮ್ಮ ಸಂಗೀತವಲ್ಲ ಎಂದು ನಾನು ತೀರ್ಪು ಕೊಟ್ಟೆ. ಕೊಟ್ಟ ಮೇಲೆ ತುಸು ನಾಚಿಕೆಯಾಯಿತು. ಹಾರ್ಮೋನಿಯಂ ಕೂಡ ಹೊರದೇಶದಿಂದ ಬಂದ ಪೆಟ್ಟಿಗೆಯೆಂದು ಎಂದೋ ಓದಿ, ಅದನ್ನು ಭಜನಾ ಮಂಡಳಿಯಲ್ಲಿ ಸಾರಿ, ಎಲ್ಲರ ಕೋಪಕ್ಕೆ ಗುರಿಯಾದವನು ನಾನೇ ಅಲ್ಲವೇ?

ತಾಳ ಮಾತ್ರ ನಿಜವಾದದ್ದೇ ಬೇಕೆಂದು ಅವಳು ನನ್ನ ಕೈಗೆ ಹಿತ್ತಾಳೆಯ ತಾಳ ಕೊಟ್ಟಳು. ಯಂತ್ರ ಟಕ್ ಟಕ್ ಎಂದು ಲಯ ತೋರಿಸುತ್ತದೆ, ನಾನು ಅದಕ್ಕೆ ಹೊಂದಿಸಿ ಬಾರಿಸಬೇಕು, ಬಾರಿಸಿದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ನುಡಿಗೆ ಬರುವಷ್ಟರಲ್ಲಿ ನಾನೊಂದು ಕಡೆ, ಅದೊಂದು ಕಡೆ.

"ನಿನ್ನ ಯಂತ್ರ ನಡುವ ಹಿಂದ ಬೀಳತೈತಿ ನೋಡು."

"ಅದು ಬಿದ್ದಿಲ್ಲ ಮಾಮಾ, ನೀ ಮುಂದ ಓಡೀದಿ."

"ಜನ್ಮೆಲ್ಲಾ ತಾಳ ಬಾರಿಸೀನಿ. ನನಗ ಹೇಳಾಕ ಬರತಿ?"

"ಜನ್ಮೆಲ್ಲಾ ಓಡೀದಿ ಅನ್ನು."

"ಖರೆ ಹೇಳಿದಿ ನೋಡವ್ವಾ," ಎಂದು ಒಳಗಿನಿಂದ ನನ್ನ ಹೆಂಡತಿಯ ದನಿ.

ನಂಬಲಿಲ್ಲ. ಗೋಡೆಯ ಗಡಿಯಾರದ ಸದ್ದಿಗೆ ಹೊಂದಿಸಿ ಬಾರಿಸಿ ನೋಡಿದೆ. ಗಡಿಯಾರವೂ ಹಿಂದೆ ಬಿತ್ತು.

ನಮ್ಮ ಭಜನೆಯ ರೂಢಿಯೇ ಹಾಗೆ, ಓದುಗರೇ: ಮೊದಲ ನುಡಿ ನಡೆಯುತ್ತದೆ, ಎರಡನೆಯದು ಚುರುಕಾಗುತ್ತದೆ, ಕೊನೆಯದು ಓಡುತ್ತದೆ. ಎಲ್ಲರೂ ಒಟ್ಟಿಗೆ ಓಡುವುದರಿಂದ ಓಡುತ್ತಿದ್ದೇವೆಂದು ಯಾರಿಗೂ ತಿಳಿದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನನ್ನನ್ನು ತಿದ್ದುತ್ತಿದ್ದರು. ಗಿರಿಜಾ ಯಂತ್ರವನ್ನು ತಿದ್ದಿದಳು. ಒಂದೊಂದು ನುಡಿಗೆ ಒಂದೊಂದು ಕಡತ ಮಾಡಿ, ಹಿಂದಿನದಕ್ಕಿಂತ ಮುಂದಿನದರ ವೇಗವನ್ನು ತುಸು ಏರಿಸಿ, ನನ್ನ ಓಟಕ್ಕೆ ದಾರಿ ಮಾಡಿಕೊಟ್ಟಳು.

ತಾನೇ ಕಟ್ಟಿದ ಹಾಡು, ಹಿಂದೆಂದೋ ಫೋನಿನಲ್ಲಿ ಹಿಡಿದಿಟ್ಟಿದ್ದ ತನ್ನದೇ ದನಿ, ಎಲ್ಲ ವಾದ್ಯ ಕೂಡಿಸಿ ತರಗತಿಗೆ ಒಯ್ದಳು. ತಾಳದವನೆಂಬ ನೆಪದಲ್ಲಿ ನಾನೂ ಹೋಗಿದ್ದೆ. ಹಾಡು ಸೊಗಸಾಗಿತ್ತು. ಮಕ್ಕಳು ಕೈ ಕಟ್ಟಿಕೊಂಡು ಕೇಳಿದರು. "ಛಂದ ಐತ್ರಿ ಟೀಚರ್, ಇನ್ನೊಮ್ಮೆ ಹಚ್ರಿ," ಎಂದರು. ಜೊತೆಗೆ ಹಾಡಲು ಒಬ್ಬರೂ ಬಾಯಿ ತೆರೆಯಲಿಲ್ಲ.

ಮನೆಗೆ ಬಂದು ಗಿರಿಜಾ ಲ್ಯಾಪ್‌ಟಾಪನ್ನು ತೆರೆಯದೆ ಮೂಲೆಗಿಟ್ಟಳು. "ನಾ ಪಾಠ ಕಟ್ಟಲಿಲ್ಲ ಮಾಮಾ, ರೇಡಿಯೋ ಕಟ್ಟಿದ್ನಿ. ಗಣಿತಕ್ಕ ಕೊಡೂದ ಛಲೋ ಏನೋ," ಎಂದಳು. ಊರಿನವರ ಮಾತು ನಿಜವಾಗಿದ್ದದ್ದು ಆ ಒಂದು ದಿನ ಮಾತ್ರ.

ಮರುದಿನ ಅವಳು ಅಳಿಸತೊಡಗಿದಳು. ಒಂದು ಸಾಲು ಬಿಟ್ಟು ಮುಂದಿನ ಸಾಲಿನ ದನಿಯನ್ನು ತೆಗೆದಳು. ಭಜನೆಯಲ್ಲಿ ಮುಂದಿನವರು ಹೇಳಿ ನಿಲ್ಲಿಸಿದ್ದನ್ನು ಹಿಂದಿನವರು ಎತ್ತಿಕೊಳ್ಳುವಂತೆ. ಈ ಉಪಾಯವನ್ನು ನಾನು ಹೇಳಿಕೊಟ್ಟೆನೆಂದು ಕೆಲವರು ಹೇಳುವುದುಂಟು. ಅದೂ ಸುಳ್ಳು, ಆಗ ನಾನು ಚುರುಮರಿ ತಿನ್ನುತ್ತಿದ್ದೆ.

ತರಗತಿಯಲ್ಲಿ ಮೊದಲ ಖಾಲಿ ಜಾಗ ಬಂದಾಗ ಮಕ್ಕಳು ಪರಸ್ಪರ ಮುಖ ನೋಡಿದರು. ಗಿರಿಜಾ ಕೈ ಎತ್ತಿದಳು. ಹಿಂದಿನ ಸಾಲಿನಿಂದ ಒಬ್ಬಳು ಅಂಜುತ್ತಲೇ ಹಾಡಿದಳು. ಮುಂದಿನ ಖಾಲಿ ಜಾಗವನ್ನು ಇಡೀ ತರಗತಿ ತುಂಬಿತು. ಆಮೇಲೆ ಪಾಠದಿಂದ ಪಾಠಕ್ಕೆ ಅವಳು ಒಂದೊಂದನ್ನೇ ಕಳೆಯುತ್ತ ಹೋದಳು. ಕೊಳಲು ಹೋಯಿತು, ತಬಲಾ ಹೋಯಿತು, ಹಾರ್ಮೋನಿಯಂ ಹೋಯಿತು. ಕಡೆಗೆ, ತನಗಿನ್ನೆಂದೂ ಮರಳಿ ಬಾರದ ತನ್ನ ದನಿಯನ್ನೂ ತೆಗೆದಳು. ಆ ಗುಂಡಿ ಒತ್ತುವಾಗ ನಾನು ಪಕ್ಕದಲ್ಲಿದ್ದೆ. ಅವಳ ಬೆರಳು ತಡವರಿಸಲಿಲ್ಲ. ನಾನೇ ಮುಖ ಆಚೆ ತಿರುಗಿಸಿದೆ.

ತಿಂಗಳ ಕೊನೆಗೆ ಹೆಡ್‌ಮಾಸ್ತರರು ಬಂದು ಬಾಗಿಲಲ್ಲಿ ನಿಂತರು. ಯಂತ್ರ ನನ್ನ ತಾಳವನ್ನಷ್ಟೇ ಹಾಕಿತು; ಹಾಡನ್ನು ಮಕ್ಕಳು ಕೊನೆಯ ನುಡಿಯವರೆಗೆ ತಾವೇ ಹಾಡಿದರು. "ಗಣಿತಕ್ಕ ಬ್ಯಾರೆ ತಾಸು ನೋಡೋಣು ಬಿಡ್ರಿ," ಎಂದು ಅವರು ಹೊರಟರು.

ನನ್ನ ಮಾತನ್ನೂ ಹಾಗೆಯೇ ನಂಬಬೇಕಾಗಿಲ್ಲ. ಆ ಕಡತಗಳನ್ನು ಗಿರಿಜಾ ಯಾರು ಬೇಕಾದರೂ ತೆರೆದು ಕೇಳುವಂತೆ ಇಂಟರ್‌ನೆಟ್ಟಿನಲ್ಲಿ ಇಟ್ಟಿದ್ದಾಳೆ; ಕೊಂಡಿ ಬೇಕಾದವರು ಅವಳನ್ನು ಕೇಳಬಹುದು. ಕೊನೆಯ ಪಾಠದ ಕಡತಗಳನ್ನು ಒಂದಾದ ಮೇಲೊಂದು ತೆರೆಯಿರಿ. ನುಡಿಯಿಂದ ನುಡಿಗೆ ಓಡುವ ಒಬ್ಬ ಮುದುಕನ ತಾಳ ಬಿಟ್ಟರೆ ಅವುಗಳಲ್ಲಿ ಬೇರೇನೂ ಇಲ್ಲ. ಹಾಡು ಬೇಕೆಂದರೆ ಶನಿವಾರ ಮುಂಜಾನೆ ಶಾಲೆಯ ಕಿಟಕಿಯ ಹೊರಗೆ ಬಂದು ನಿಲ್ಲಬೇಕು.